ಮಸಗುಪ್ಪಿಯವರನ್ನು ಕೇಳಿ

ಕನ್ನಡದಲ್ಲಿ ‘ಕೇಳು’ ಎಂಬ ಮಾತಿಗೆ ಎರಡು ಅರ್ಥ. ಇದು ನನಗೆ ತಿಳಿಯುವಾಗ ಐವತ್ಮೂರು ವರ್ಷವಾಗಿತ್ತು. ನಗಬೇಡಿ. ಹೊಟ್ಟೆಪಾಡಿಗೆ ನಾನು ಮೂಡಲಗಿಯ ಒಂದು ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. ಕೇಂದ್ರ-ರಾಜ್ಯ ಸಂಬಂಧದ ಪಾಠವನ್ನು ಪುಸ್ತಕ ತೆರೆಯದೆ ಹೇಳಬಲ್ಲೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಅಂಥ ಪಾಠದ ಒಂದು ಕ್ರಿಯಾಪದ ನನ್ನ ಮನೆಗೇ ಬಂದು ಕಪಾಳಕ್ಕೆ ಬಾರಿಸುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಆ ಪಾಠದಲ್ಲಿ ಸಂವಿಧಾನದ ಮೂರನೆಯ ವಿಧಿ ಬರುತ್ತದೆ. ಒಂದು ರಾಜ್ಯವನ್ನು ಒಡೆಯುವ, ಎರಡನ್ನು ಕೂಡಿಸುವ, ಗಡಿ ಸರಿಸುವ ಅಧಿಕಾರ ದಿಲ್ಲಿಯ ಸಂಸತ್ತಿನದು. ಆದರೆ ಅದಕ್ಕೆ ಮೊದಲು ಆ ರಾಜ್ಯದ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು. ಇಲ್ಲಿಗೆ ಬಂದಾಗ ನಾನು ಪ್ರತಿ ವರ್ಷ ಚಾಕ್‌ಪೀಸ್ ಕೆಳಗಿಟ್ಟು, ಕೈ ಝಾಡಿಸಿಕೊಂಡು ನಿಲ್ಲುತ್ತಿದ್ದೆ.

“ಕೇಳಬೇಕು ಅಂದ್ರ ಏನಪಾ?”

“ಅವ್ರು ಹೇಳಿದಂಗ ಮಾಡಬೇಕ್ರಿ ಸರ್,” ಎಂದು ಹಿಂದಿನ ಬೆಂಚಿನಿಂದ ಯಾವನಾದರೂ ಒಬ್ಬ ಹೇಳಿಯೇ ಹೇಳುತ್ತಿದ್ದ.

“ಅಲ್ಲಪಾ ಅಲ್ಲ! ಕೇಳಿದ್ರ ಸಾಕು. ಅವ್ರು ಬ್ಯಾಡ ಅಂದ್ರೂ ಮಾಡಬಹುದು. ಅಭಿಪ್ರಾಯ ಕೇಳಬೇಕು, ಮಾತು ಕೇಳಬೇಕಂತ ಎಲ್ಲೂ ಬರದಿಲ್ಲ!”

ಹುಡುಗರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಇಪ್ಪತ್ತೈದು ವರ್ಷ ಅದೇ ಜೋಕು ಹೊಡೆದಿದ್ದೇನೆ. ಕಲಿಸುವುದು ಬೇರೆ, ತಿಳಿಯುವುದು ಬೇರೆ.

ನಾವಿಬ್ಬರು ಅಣ್ಣತಮ್ಮಂದಿರು. ಅಣ್ಣ ಗೋಕಾಕದಲ್ಲಿ ವಕೀಲ, ಮನೆಯೂ ಅಲ್ಲೇ. ನಾನು ಮಸಗುಪ್ಪಿಯ ಹಳೆಯ ಮನೆಯಲ್ಲಿ ಇದ್ದು, ಹೊಲ ನೋಡಿಕೊಂಡು, ಮೂಡಲಗಿಗೆ ಬಸ್ಸಿನಲ್ಲಿ ಹೋಗಿಬಂದು ಮಾಡುವವನು. ಹೊಲಮನೆ ಇನ್ನೂ ಹಂಚಿಕೊಂಡಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ನಮ್ಮಿಬ್ಬರ ನಡುವೆ ದೊಡ್ಡ ಜಗಳವಾಯಿತು. ಅಣ್ಣ ನನಗೆ ಹೇಳದೆ ಬಾವಿಯ ಬಾಜೂ ಇದ್ದ ಬೇವಿನ ಮರ ಕಡಿಸಿದ. ನಾನು ಸಿಟ್ಟಿಗೆದ್ದು, ಅವನ ಮಕ್ಕಳಿಗೆ ಹಾಲಿಗೆಂದು ಅವ್ವ ಕಟ್ಟಿಕೊಂಡಿದ್ದ ಎಮ್ಮೆಯನ್ನು ಅವನಿಗೆ ಹೇಳದೆ ಹುಕ್ಕೇರಿಗೆ, ನನ್ನ ಹೆಂಡತಿಯ ತವರಿಗೆ, ಹೊಡೆದು ಕಳಿಸಿದೆ. ನಾಲ್ಕು ತಿಂಗಳು ಮಾತಿಲ್ಲ, ಕತೆಯಿಲ್ಲ.

“ಇಬ್ಬರೂ ಕಲತ ಕತ್ತಿಗೋಳು,” ಎಂದಳು ಅವ್ವ. “ಕಲೀಲಾರದವ್ರ ಮನ್ಯಾಗ ಇಷ್ಟ ಜಗಳಿಲ್ಲ.”

ಅವ್ವನ ಮಾತಿಗೆ ಅಣ್ಣನೇ ಮೊದಲು ಕರಗಿದ. ಒಂದು ಭಾನುವಾರ ಕೋರ್ಟಿನ ಟೈಪಿಸ್ಟನ ಕೈಯಲ್ಲಿ ಟೈಪು ಮಾಡಿಸಿದ ಒಂದು ಹಸಿರು ಹಾಳೆ ತೆಗೆದುಕೊಂಡು ಬಂದ. ಕಕ್ಷಿದಾರರ ಕಾಗದಕ್ಕೆ ಬಳಸುತ್ತಾರಲ್ಲ, ಅದೇ ದಪ್ಪನೆಯ ಹಾಳೆ. ಅದರಲ್ಲಿ ಮೂರು ಪಟ್ಟಿ.

“ನಿನಗ ತಿಳೀಲಿ ಅಂತ ನಿನ್ನ ಪಾಠದಾಗಿಂದ ಮಾಡೇನಿ,” ಎಂದ ನಗುತ್ತ. “ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ.”

ಮೊದಲನೆಯದು ಗೋಕಾಕದ್ದು: ಕೋರ್ಟು ಕಚೇರಿ, ಸರ್ಕಾರಿ ಕಾಗದ, ಬೀಗತನ, ಮಠಮಾನ್ಯಗಳ ವ್ಯವಹಾರ. ಎರಡನೆಯದು ಮಸಗುಪ್ಪಿಯದು: ಬಿತ್ತನೆ, ಕಾಲುವೆ ನೀರಿನ ಪಾಳಿ, ದನ, ಆಳು, ಒಲೆ. ಮೂರನೆಯದು ಇಬ್ಬರಿಗೂ ಸೇರಿದ್ದು: ಜಡ್ಡುಜಾಪತ್ರೆ, ಬಂದವರು ಹೋದವರು, ಮಕ್ಕಳ ಶಾಲೆ. ಮಕ್ಕಳ ಶಾಲೆ ಮೊದಲು ಮಸಗುಪ್ಪಿಯ ಪಟ್ಟಿಯಲ್ಲೇ ಇತ್ತು. ಅಣ್ಣನೇ ಪೆನ್ನಿನಿಂದ ಗೀಟು ಹಾಕಿ ಮೂರನೆಯದಕ್ಕೆ ಸರಿಸಿದ. “ದೇಶದಾಗೂ ಹಂಗ ಆಗೇತಿ. ಶಿಕ್ಷಣ ಮೊದಲ ರಾಜ್ಯದ್ದಿತ್ತು, ಆಮ್ಯಾಲ ತಿದ್ದುಪಡಿ ಮಾಡಿ ಇಬ್ಬರದೂ ಮಾಡ್ಯಾರ. ಹೌದಲ್ಲೋ?” ಹೌದು, ಹಾಗೇ ಆಗಿದೆ. ಒಪ್ಪಿದೆ. ನಮಗೆ ಮುಂದೆ ಆಗಲಿರುವ ಮಕ್ಕಳ ಮಾತು ಇದು ಅಂದುಕೊಂಡಿದ್ದೆ. ನಮಗೆ ಮಕ್ಕಳಾಗಲಿಲ್ಲ.

ಕೆಳಗೆ ಎರಡು ನಿಯಮ. ಮೂರನೆಯ ಪಟ್ಟಿಯ ವಿಷಯದಲ್ಲಿ ಇಬ್ಬರ ಮಾತು ಹೊಂದದಿದ್ದರೆ ಗೋಕಾಕದ ಮಾತು ನಡೆಯತಕ್ಕದ್ದು. ಯಾವ ಪಟ್ಟಿಯಲ್ಲೂ ಇಲ್ಲದ ವಿಷಯವೆಲ್ಲ ಗೋಕಾಕಕ್ಕೆ ಸೇರತಕ್ಕದ್ದು. ಓದಿ ನನಗೆ ರೇಗಿತು. “ಎಲ್ಲಾ ನಿನಗ ಆತಲ್ಲೋ ಅಣ್ಣಾ! ನನ್ನ ಪರ ಒಂದ ಸಾಲಾದ್ರೂ ಹಾಕು,” ಎಂದೆ. “ಯಾವ ಸಾಲು ಬೇಕು ನೀನ ಹೇಳು,” ಎಂದ. ನಾನು ಎದೆ ಉಬ್ಬಿಸಿಕೊಂಡು ಹೇಳಿದೆ, ಅವನು ತನ್ನ ಚೆಂದನೆಯ ಅಕ್ಷರದಲ್ಲಿ ಬರೆದ: ‘ಮಸಗುಪ್ಪಿಯ ಮನೆಯ ವ್ಯವಸ್ಥೆಯಲ್ಲಿ ಏನೇ ಬದಲಾವಣೆ ಮಾಡುವುದಿದ್ದರೂ ಮಸಗುಪ್ಪಿಯವರನ್ನು ಕೇಳಿ ಮಾಡತಕ್ಕದ್ದು.’ ಬರೆದ ಮೇಲೆ ಒಮ್ಮೆ ನನ್ನ ಮುಖ ನೋಡಿದ. ವಕೀಲ ಯಾಕೆ ಹಾಗೆ ನೋಡುತ್ತಾನೆ ಅಂತ ನನಗೆ ಆಗ ಹೊಳೆಯಲಿಲ್ಲ.

ಅವ್ವ ಹೆಬ್ಬೆಟ್ಟು ಒತ್ತಿದಳು. ನಾವಿಬ್ಬರೂ ಸಹಿ ಮಾಡಿದೆವು. ನನ್ನ ಹೆಂಡತಿ ಒಳಗೆ ಹೋಳಿಗೆ ಮಾಡುತ್ತಿದ್ದಳು.

ಖರೆ ಹೇಳಬೇಕೆಂದರೆ ಆ ಹಾಳೆಯಿಂದ ಮನೆ ನಡೆಯಿತು, ಚೆನ್ನಾಗಿಯೇ ನಡೆಯಿತು. ಅಣ್ಣನ ಕಾರು ಅಗಸಿ ದಾಟಿತೆಂದರೆ ಅವ್ವ, “ದಿಲ್ಲಿ ಬಂತು ನೋಡ್ರೆಪಾ,” ಎನ್ನುತ್ತಿದ್ದಳು. ನಾನು ತರಗತಿಯಲ್ಲಿ ಅದನ್ನೇ ಉದಾಹರಣೆ ಮಾಡಿಕೊಂಡೆ. ಗೋಕಾಕ ದಿಲ್ಲಿ, ಮಸಗುಪ್ಪಿ ಬೆಂಗಳೂರು. ಯಾವ ಪಟ್ಟಿಯಲ್ಲೂ ಇಲ್ಲದ್ದು ಯಾರಿಗೆ ಅನ್ನುವ ಶೇಷಾಧಿಕಾರದ ಕಬ್ಬಿಣದ ಕಡಲೆಯನ್ನು ನಮ್ಮ ಹಸಿರು ಹಾಳೆಯಿಂದ ಎಷ್ಟು ಹುಡುಗರಿಗೆ ಅಗಿಸಿದ್ದೇನೋ. ಪಂಚಾಯಿತಿಯ ಪಾಠ ಮಾತ್ರ ಗಡಬಡಿಸಿ ಮುಗಿಸುತ್ತಿದ್ದೆ. ಅದಕ್ಕೆ ಪರೀಕ್ಷೆಯಲ್ಲಿ ಹೆಚ್ಚು ಅಂಕವಿಲ್ಲ.

ಪಂಚಾಯಿತಿಯ ಮಾತು ಬಂತಲ್ಲ, ಒಂದು ಹೇಳಿಬಿಡುತ್ತೇನೆ. ನನ್ನ ಹೆಂಡತಿ ಒಂದು ಅವಧಿಗೆ ಗ್ರಾಮ ಪಂಚಾಯಿತಿಯ ಸದಸ್ಯೆಯಾಗಿದ್ದಳು. ಹೆಣ್ಣುಮಕ್ಕಳಿಗೆ ಮೀಸಲಾದ ಜಾಗ. ಸಭೆಗೆ ನಾನು ಹೋಗುತ್ತಿದ್ದೆ. ನಡಾವಳಿ ಪುಸ್ತಕ ಮನೆಗೆ ಬರುತ್ತಿತ್ತು, ನಾನು ಬೆರಳಿಟ್ಟು ತೋರಿಸಿದ ಕಡೆ ಅವಳು ಸಹಿ ಹಾಕುತ್ತಿದ್ದಳು. ಒಮ್ಮೆ ಮಾತ್ರ, “ಇದರಾಗ ಏನ್ ಬರದಾರ್ರಿ?” ಅಂತ ಕೇಳಿದಳು. “ಗಟಾರದ್ದು ಐತಿ, ನಿನಗ ತಿಳ್ಯಾಂಗಿಲ್ಲ, ಹಾಕು,” ಎಂದೆ. ಹಾಕಿದಳು.

ಈಗ ಕೂಸಿನ ಮಾತು.

ಅಣ್ಣನಿಗೆ ಎರಡು ಗಂಡುಮಕ್ಕಳಾದ ಮೇಲೆ ಬಹಳ ವರ್ಷಕ್ಕೆ ಒಂದು ಹೆಣ್ಣು ಹುಟ್ಟಿತು. ಬಾಣಂತನದಲ್ಲೇ ವೈನಿಗೆ, ಅಣ್ಣನ ಹೆಂಡತಿಗೆ, ಜಡ್ಡಾಯಿತು. ಹಾಸಿಗೆ ಹಿಡಿದವರು ಏಳಲು ಎರಡು ವರ್ಷ ಹಿಡಿಯಿತು. ಐದು ತಿಂಗಳ ಕೂಸನ್ನು ಅವ್ವ ಗೋಕಾಕದಿಂದ ಎತ್ತಿಕೊಂಡು ಬಂದು ನನ್ನ ಹೆಂಡತಿಯ ಮಡಿಲಿಗೆ ಹಾಕಿದಳು. “ಇದು ನಿಂದ ಇನ್ನ. ಜ್ವಾಕಿ ಮಾಡು,” ಎಂದಳು. ಅಣ್ಣ ಅಲ್ಲೇ ನಿಂತಿದ್ದ. “ಹೌದವಾ, ಅಕಿದ ಕೂಸು,” ಎಂದ ಅವನೂ. ಕಾಗದಪತ್ರ ಯಾವುದೂ ಆಗಲಿಲ್ಲ. ಎಮ್ಮೆಗೆ ಹಸಿರು ಹಾಳೆ ಮಾಡಿಸಿದ ವಕೀಲನೂ ಬಾಯಿ ಬಿಡಲಿಲ್ಲ, ರಾಜ್ಯಶಾಸ್ತ್ರದ ಮಾಸ್ತರನೂ ಬಾಯಿ ಬಿಡಲಿಲ್ಲ. ಮನೆಯ ಮಗಳಿಗೆ ಎಂಥ ಕಾಗದ?

ಕೂಸು ಬೆಳೆಯಿತು. ನನ್ನ ಹೆಂಡತಿಗೆ ‘ಅವ್ವಿ’ ಅಂತಿತ್ತು, ನನಗೆ ‘ಕಾಕಾ’, ಗೋಕಾಕದ ತಾಯಿಗೆ ‘ಮಮ್ಮಿ’. ಈ ಮೂರು ಹೆಸರು ಅದಕ್ಕೆ ಯಾರೂ ಕಲಿಸಿದ್ದಲ್ಲ. ಮುಂಜಾನೆ ಶಾಲೆಗೆ ಹೋಗುವ ಮೊದಲು ಕಟ್ಟೆಯ ಮೇಲೆ ಕುಳಿತು ಎರಡು ಜಡೆ ಹಾಕಿಸಿಕೊಳ್ಳುತ್ತಿತ್ತು. ಆ ಹೊತ್ತಿಗೆ ಅವ್ವಿಗೆ ಪೇಪರು ಓದಿ ಹೇಳಬೇಕು. ಅವಳಿಗೆ ಓದಲು ಬರುತ್ತಿತ್ತು, ಆದರೂ ಕೂಸಿನ ಬಾಯಿಂದಲೇ ಕೇಳಬೇಕು. “ಅವ್ವೀ, ತಲಿ ಅಳ್ಳಾಡಸಬ್ಯಾಡಂತಿ, ಮತ್ತ ಜಗ್ಗತಿ!” “ಸುಮ್ನ ಓದ, ನಡುವ ಬಿಟ್ಟಿ.” ಇದು ದಿನದ ಮಾತು. ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸುವವರೆಗೆ ಒಂದು ದಿನವೂ ತಪ್ಪಿಲ್ಲ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹದಿನೈದು ದಿನ ಗೋಕಾಕಕ್ಕೆ ಹೋಗುವುದು, ಡಬ್ಬಿ ತುಂಬ ಕರದಂಟು ತೆಗೆದುಕೊಂಡು ಬರುವುದು ರೂಢಿ. ಅವ್ವ ತೀರಿಕೊಂಡ ಮೇಲೂ ಆ ರೂಢಿ ಇತ್ತು.

ಆ ಬೇಸಿಗೆಯಲ್ಲೂ ಹೋಯಿತು. ಹದಿನೈದು ದಿನ ಇಪ್ಪತ್ತಾಯಿತು, ಇಪ್ಪತ್ತು ಹೋಗಿ ಒಂದು ತಿಂಗಳಾಯಿತು. ಫೋನು ಮಾಡಿದರೆ, “ಇರಲಿ ಬಿಡು, ಅಣ್ಣಂದಿರ ಕೂಡ ಆರಾಮ ಐತಿ,” ಎನ್ನುತ್ತಿದ್ದ ಅಣ್ಣ. ನನ್ನ ಹೆಂಡತಿ ಮೂಡಲಗಿಯ ದರ್ಜಿಯ ಹತ್ತಿರ ಹೈಸ್ಕೂಲಿನ ಹೊಸ ಸಮವಸ್ತ್ರ ಹೊಲಿಸಿ, ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿಟ್ಟಳು. ಬೆಳೆಯುವ ಕೂಸು ಅಂತ ಲಂಗದ ಅಂಚು ಎರಡು ಬೆರಳು ಒಳಗೆ ಮಡಚಿ ಹೊಲಿಸಿದ್ದಳು. ಶಾಲೆ ಶುರುವಾಗುವ ದಿನ ನಾನು ಎಂಟನೆಯ ತರಗತಿಗೆ ಹೆಸರು ಹಚ್ಚಿಸೋಣ ಅಂತ ಹಳೆಯ ಶಾಲೆಗೆ ಹೋಗಿ ವರ್ಗಾವಣೆ ಪತ್ರ ಕೇಳಿದೆ. ಹೆಡ್ಮಾಸ್ತರರು ನನ್ನ ಮುಖವನ್ನೇ ನೋಡಿದರು.

“ಟೀಸಿ ಒಯ್ದಾರಲ್ರಿ ನಿಮ್ಮಣ್ಣಾರು. ವಾರಾತು. ನಿಮಗ ಗೊತ್ತಿಲ್ಲೇನ್ರಿ?”

ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಅವನದೇ ಅಲ್ಲವೇ. “ಹಾಂ, ಹೇಳಿದ್ರು, ನಾನ ಮರತೆ,” ಅಂತ ಸುಳ್ಳು ಹೇಳಿ ಹೊರಗೆ ಬಂದೆ. ನನ್ನೂರಿಗೆ ಬಂದು, ನನ್ನ ಮನೆಯ ಮುಂದಿನ ಶಾಲೆಗೆ ಬಂದು, ಮನೆಗೆ ಬಾರದೆ ಕಾಗದ ತೆಗೆದುಕೊಂಡು ಹೋಗಿದ್ದಾನೆ! ಕಳ್ಳ ಕೂಡ ಊರಿಗೆ ಬಂದರೆ ಹೊತ್ತು ನೋಡಿ ಬರುತ್ತಾನೆ, ಇವನು ಹಾಡುಹಗಲೇ ಬಂದಿದ್ದಾನೆ. ಹೆಂಡತಿಗೆ ಏನೂ ಹೇಳದೆ ಅಲ್ಲಿಂದಲೇ ಗೋಕಾಕದ ಬಸ್ಸು ಹತ್ತಿದೆ.

ಅಣ್ಣ ಕೋರ್ಟಿನಿಂದ ಊಟಕ್ಕೆ ಬಂದಿದ್ದ. ಕರಿ ಕೋಟು ಕುರ್ಚಿಯ ಬೆನ್ನಿಗೆ ತೂಗುಹಾಕಿ, ಅಂಗಿಯ ತೋಳು ಏರಿಸಿಕೊಂಡು ಕುಳಿತಿದ್ದ. ನಾನು ಚಪ್ಪಲಿ ಬಿಡುವ ಮೊದಲೇ ಒದರಿದೆ.

“ಏನಣ್ಣಾ ಇದು! ಟೀಸಿ ಯಾಕ ತಂದಿ? ಕೂಸು ಎಲ್ಲೈತಿ?”

“ಕುಂದ್ರ. ಬಿಸಲಾಗ ಬಂದಿ, ನೀರ ಕುಡಿ ಮೊದಲ.” ಅವನ ದನಿ ಎಂದಿನಂತೆಯೇ ಇತ್ತು. ಅದೇ ನನಗೆ ಇನ್ನಷ್ಟು ಚುಚ್ಚಿತು. “ಸಾಲಿಗಿ ಹೋಗ್ಯಾಳ, ಈಗ ಬರತಾಳ. ಇಲ್ಲೇ ಅಡ್ಮಿಶನ್ ಮಾಡೇನಿ. ಸೆಂಟ್ರಲ್ ಸಿಲೆಬಸ್. ನಾಳಿ ಅಕಿ ಡಾಕ್ಟರ್ ಆಗಬೇಕಂದ್ರ ಪರೀಕ್ಷಾ ಬೆಂಗಳೂರಾಗ ತಗ್ಯಾಂಗಿಲ್ಲ, ದಿಲ್ಲಿಯವ್ರು ತಗೀತಾರ. ನಿಮ್ಮ ಊರ ಸಾಲ್ಯಾಗ ಕಲ್ತು ಅಕಿ ಏನ್ ಬರದಾಳು?”

“ಅದರ ಮಾತ ಬ್ಯಾರೆ. ನನ್ನ ಒಂದ ಮಾತ ಕೇಳಬೇಕಿತ್ತಿಲ್ಲ?”

“ಕೇಳೇ ಮಾಡೇನೆಲ್ಲ!”

“ಯಾವಾಗ ಕೇಳಿದಿ?”

“ಏ, ಮರತಿ? ಫೋನ್ ಮಾಡಿದ್ದೆ. ನೀ ಮೂಡಲಗಿ ಬಸ್ ಸ್ಟ್ಯಾಂಡಿನಾಗ ಇದ್ದಿ. ಸಾಲಿ ಬದಲ ಮಾಡೂಣೇನ ಅಂದೆ. ‘ಹೂಂ, ನೋಡೂಣ ತಗೋ’ ಅಂದಿ.”

ನೆನಪಾಯಿತು. ಆಗಿತ್ತು ಆ ಮಾತು, ಒಂದು ತಿಂಗಳ ಹಿಂದೆ. ಒಂದು ಕಿವಿಯಲ್ಲಿ ಅವನು, ಇನ್ನೊಂದು ಕಿವಿಯಲ್ಲಿ ಕಂಡಕ್ಟರನ ಸೀಟಿ, ಹಿಂದೆ ಕಬ್ಬಿನ ಟ್ರ್ಯಾಕ್ಟರಿನ ಹಾಡು. ಮುಂದೆ ಯಾವಾಗಲೋ ಆಡುವ ಮಾತು ಅಂತ ‘ನೋಡೂಣ’ ಎಂದು ಬಸ್ಸು ಹತ್ತಿದ್ದೆ. ನಮ್ಮ ಕಡೆ ನೋಡೂಣ ಅಂದರೆ ಏನು ಅಂತ ಅವನಿಗೆ ಗೊತ್ತಿಲ್ಲವೇ? ಬೇಡ ಅನ್ನಲು ಮುಜುಗರವಾದಾಗ ನಾವು ನೋಡೂಣ ಅನ್ನುತ್ತೇವೆ.

“ಅದು ಹೂಂ ಅಲ್ಲಣ್ಣಾ. ನೋಡೂಣ ಅಂದ್ರ ನೋಡೂಣ!”

“ಬ್ಯಾಡ ಅನ್ನಲಿಲ್ಲಲ್ಲ?”

ಅವನು ಎದ್ದುಹೋಗಿ ಕಪಾಟಿನಿಂದ ಹಸಿರು ಹಾಳೆ ತಂದ. ತನ್ನ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುದುಡದಂತೆ ಇಟ್ಟಿದ್ದ.

“ಮಕ್ಕಳ ಸಾಲಿ ಮೂರನೇ ಪಟ್ಟ್ಯಾಗ ಐತಿ. ಮಾತ ಹೊಂದಲಿಲ್ಲಂದ್ರ ಯಾರ ಮಾತ ನಡೀತೈತಿ?”

ನಾನು ಹಾಳೆಯ ಕೆಳಗಿದ್ದ ನನ್ನ ಸಹಿ ನೋಡಿದೆ.

“ಕೂಸು ಯಾರ ಮನ್ಯಾಗ ಇರಬೇಕು ಅನ್ನೂದು ಯಾವ ಪಟ್ಟ್ಯಾಗೂ ಇಲ್ಲ. ಇಲ್ಲದ್ದು ಯಾರಿಗಿ ಸೇರತೈತಿ?”

“ಗೋಕಾಕಕ್ಕ,” ಎಂದೆ. ಎದ್ದು ನಿಂತು ಉತ್ತರ ಹೇಳುವ ನನ್ನ ಹುಡುಗರ ದನಿ ನನ್ನ ಬಾಯಿಂದ ಬಂತು. ನನ್ನ ಮೇಲೇ ನನಗೆ ಸಿಟ್ಟು ಬಂತು. “ಕಡೀ ಸಾಲು ಓದು! ಅದೂ ಐತೆಲ್ಲ! ಮಸಗುಪ್ಪಿಯವರನ್ನು ಕೇಳಿ ಮಾಡತಕ್ಕದ್ದು. ಓದು ಅದನ್ನ!”

“ಓದೇನಿ. ನಾನ ಬರದದ್ದು. ‘ಕೇಳಿ’ ಅಂತ ಐತಿ. ‘ಒಪ್ಪಿಗಿ ತಗೊಂಡು’ ಅಂತ ಎಲ್ಲೈತಿ ತಮ್ಮಾ? ಮೂರನೇ ವಿಧಿ ನೀ ವರ್ಷಾ ಹುಡುಗರಿಗಿ ಕಲಸ್ತಿ. ನಾ ನಿನಗ ಹೇಳಿಕೊಡಬೇಕೇನ?”

ಇಪ್ಪತ್ತೈದು ವರ್ಷ ನಗಿಸಿದ ಜೋಕು ಅದು. ನನ್ನ ಅಣ್ಣನ ಬಾಯಲ್ಲಿ ಕೇಳಿದಾಗ ನಗು ಬರಲಿಲ್ಲ. ಆ ಸಾಲು ಬರೆದ ದಿನವೇ ಅವನಿಗೆ ಅದರ ಬೆಲೆ ಗೊತ್ತಿತ್ತು. ಅದಕ್ಕೇ ನನ್ನ ಮುಖ ನೋಡಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ನಾನು ಮೋಸಹೋದೆ. ಹೊರಗಿನವರಿಂದಲ್ಲ, ನನ್ನ ಬೆರಳು ಹಿಡಿದು ನಡೆಸಿದವನಿಂದ ಮೋಸಹೋದೆ.

“ಅವತ್ತ ಅವ್ವನ ಮುಂದ ‘ಅಕಿದ ಕೂಸು’ ಅಂದಿದ್ದಿಯಲ್ಲ,” ಎಂದೆ ಕೊನೆಗೆ.

“ಅಂದಿದ್ದೆ. ಇಲ್ಲಂತೇನೇನು? ಸಾಕ್ಯಾಳ, ಉಪಕಾರ ಮರ್ಯಾಂಗಿಲ್ಲ. ಆದ್ರ ಅಕಿ ನನ್ನ ಮಗಳು.” ಹದಿಮೂರು ವರ್ಷದಲ್ಲಿ ‘ನನ್ನ ಮಗಳು’ ಅಂತ ಅವನ ಬಾಯಿಂದ ಕೇಳಿದ್ದು ಅದೇ ಮೊದಲು.

ಆಗ ಕೂಸು ಬಂತು. ಕೊರಳಿಗೆ ಟೈ, ಕಾಲಿಗೆ ಬೂಟು, ತಲೆಯ ಹಿಂದೆ ಎತ್ತಿ ಕಟ್ಟಿದ ಒಂದೇ ಜುಟ್ಟು. ನನ್ನನ್ನು ಕಂಡು ಓಡಿ ಬರಲಿಲ್ಲ. ಬಾಗಿಲಲ್ಲೇ ನಿಂತಿತು.

“ಕಾಕಾ, ನೀನ ಹೂಂ ಅಂದೆಂತ?”

ನಾನು ಅಣ್ಣನ ಕಡೆ ನೋಡಿದೆ. ಅವನು ಹಾಳೆಯನ್ನು ಚೀಲಕ್ಕೆ ಸೇರಿಸುತ್ತಿದ್ದ.

“ಅವ್ವಿನೂ ಹೂಂ ಅಂದ್ಲೇನ?”

“ಕೈಕಾಲ ತೊಳಕೋ, ಊಟ ಮಾಡು,” ಎಂದೆ. ಆ ಕೂಸಿಗೆ ನಾನು ಕೊಟ್ಟ ಉತ್ತರ ಅಷ್ಟೇ. ವೈನಿ ಕರದಂಟಿನ ಡಬ್ಬಿ ತಂದು ನನ್ನ ಕೈಗಿಟ್ಟರು. ಅವರ ಕಣ್ಣಿನಲ್ಲಿ ನೀರಿತ್ತು. ಡಬ್ಬಿ ಒಲ್ಲೆ ಅನ್ನಲೂ ನನಗೆ ಬಾಯಿ ಬರಲಿಲ್ಲ.

ಘಟಪ್ರಭೆಯ ಸೇತುವೆ ದಾಟಿ ಬಸ್ಸು ಮೂಡಲಗಿಯ ದಾರಿ ಹಿಡಿಯುವಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ದೊಡ್ಡ ಭಾಷಣ ತಯಾರಾಗಿತ್ತು. ಮನೆಗೆ ಬಂದವನೇ ಅದನ್ನು ಹೆಂಡತಿಯ ಮುಂದೆ ಬಿಟ್ಟೆ. ದಿಲ್ಲಿಯ ಬುದ್ಧಿ, ಗೋಕಾಕದ ಬುದ್ಧಿ, ದೊಡ್ಡವರೆಲ್ಲರ ಬುದ್ಧಿ. ರಾಜ್ಯಗಳನ್ನು ಹೇಗೆ ಒಂದೊಂದೇ ಪಟ್ಟಿಯಿಂದ ಖಾಲಿ ಮಾಡುತ್ತಾರೆ, ಹೇಗೆ ಕೇಳಿದ ಹಾಗೆ ಮಾಡಿ ಕೇಳದೆ ಮಾಡುತ್ತಾರೆ. ಅವಳು ಗೂಟದಲ್ಲಿದ್ದ ಸಮವಸ್ತ್ರದ ಕಡೆ ನೋಡುತ್ತ ಎಲ್ಲ ಕೇಳಿದಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಒಂದೇ ಮಾತು ಕೇಳಿದಳು.

“ಭಾವಾರು ನಿಮ್ಮನ್ನ ಕೇಳಿದ್ರನ್ರಿ?”

“ಏನ್ ಕೇಳ್ತಾರ ಅವ್ರು!” ಎಂದೆ. “ದಿಲ್ಲಿ ಎಂದಾರ ಯಾರನ್ನರ ಕೇಳೇತೇನ?”

ಘೋಷಣೆಯ ಹಾಗಿತ್ತು ಮಾತು. ಒಳಗಿದ್ದದ್ದು ಸುಳ್ಳು. ಅವಳು ಮತ್ತೇನನ್ನೂ ಕೇಳಲಿಲ್ಲ. ಸಮವಸ್ತ್ರವನ್ನು ಗೂಟದಿಂದ ತೆಗೆದು, ಮಡಚಿ, ಟ್ರಂಕಿನಲ್ಲಿಟ್ಟಳು. ಮರುದಿನ ಮುಂಜಾನೆ ನಾನು ಪೇಪರು ಓದುತ್ತಿದ್ದಾಗ ಬಾಚಣಿಗೆ ಹಿಡಿದುಕೊಂಡು ಕಟ್ಟೆಯ ತನಕ ಬಂದಳು. ಬಂದು, ನೆನಪಾಗಿ, ಒಳಗೆ ಹೋದಳು. ನನಗೆ ನೋಡಲಾಗಲಿಲ್ಲ.

ಎಂಟು ದಿನ ಹೀಗೇ ಹೋಯಿತು. ಊಟ ಬಡಿಸುತ್ತಿದ್ದಳು, ಮಾತಿಗೆ ಹೂಂ ಅನ್ನುತ್ತಿದ್ದಳು. ಕೂಸಿನ ಫೋನು ಎರಡು ಮೂರು ಸಲ ಬಂತು. ಅವಳು ಹಿತ್ತಿಲಿಗೆ ಹೋಗಿ ಮಾತಾಡಿ ಬರುತ್ತಿದ್ದಳು. ನನಗೆ ಅಣ್ಣನ ಮೇಲಿನ ಸಿಟ್ಟು ಮಾತ್ರ ದಿನದಿಂದ ದಿನಕ್ಕೆ ಏರುತ್ತಿತ್ತು. ಇದಕ್ಕೆ ಒಂದು ತೀರ್ಪು ಆಗಬೇಕು ಅನ್ನಿಸಿತು. ಕೇಂದ್ರ ರಾಜ್ಯ ಜಗಳಾಡಿದರೆ ಸುಪ್ರೀಂ ಕೋರ್ಟಿಗೆ ಹೋಗುತ್ತಾರೆ. ನಮ್ಮ ಮನೆಗೆ ಸುಪ್ರೀಂ ಕೋರ್ಟು ಎಲ್ಲಿಂದ ತರುವುದು? ಹುಕ್ಕೇರಿಯಲ್ಲಿ ನನ್ನ ಹೆಂಡತಿಯ ಅಣ್ಣ ಇದ್ದಾನೆ. ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು, ಜನ್ಮವೆಲ್ಲ ಜಡ್ಜರ ಮುಂದೆ ಕಾಗದ ಇಟ್ಟವನು. ನನ್ನ ಅಣ್ಣನಿಗೂ ಅವನ ಮೇಲೆ ಗೌರವವಿದೆ. ಅವನು ಒಂದು ಮಾತು ಹೇಳಿದರೆ ಗೋಕಾಕ ಬಗ್ಗೀತು ಅಂತ ನನ್ನ ಲೆಕ್ಕಾಚಾರ. “ಬರ್ತೀಯೇನ?” ಎಂದಾಗ ಹೆಂಡತಿ ಮರುಮಾತಿಲ್ಲದೆ ಚೀಲ ತುಂಬಿಕೊಂಡು ಹೊರಟಳು. ಎರಡು ದಿನದ ಊರಿಗೆ ಅಷ್ಟು ದೊಡ್ಡ ಚೀಲ ಯಾಕೆ ಅಂತ ಕೇಳಲು ನನಗೆ ತೋಚಲಿಲ್ಲ.

ನಿಡಸೋಸಿಯ ಕಡೆ ಹೋಗುವ ಕಾಲೇಜು ಹುಡುಗರ ಗದ್ದಲದಲ್ಲಿ ನಿಂತುಕೊಂಡೇ ಹುಕ್ಕೇರಿ ಸೇರಿದೆವು. ಶಿರಸ್ತೇದಾರ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದ. ನಾನು ನನ್ನ ಪ್ರತಿ ಹಸಿರು ಹಾಳೆಯನ್ನು ಅವನ ಮುಂದೆ ಹರಡಿ, ಎಲ್ಲ ಕತೆ ಹೇಳಿದೆ. ಫೋನಿನ ಮಾತು ಒಂದನ್ನು ಬಿಟ್ಟು ಎಲ್ಲ. ಅವನು ಕನ್ನಡಕ ಏರಿಸಿ ಹಾಳೆಯನ್ನು ಎರಡು ಸಲ ಓದಿದ, ಬೆರಳಿನಿಂದ ಸಾಲು ಹಿಡಿದು.

“ಮಾಸ್ತರ, ಕಾಗದದ ಪ್ರಕಾರ ನಿಮ್ಮಣ್ಣಾರದ ಖರೆ ಐತ್ರಿ,” ಎಂದ.

“ಕಾಗದ ಬಿಡ್ರಿ! ನ್ಯಾಯಾ ಹೇಳ್ರಿ. ಹದಿಮೂರ ವರ್ಷ ಸಾಕಿದವ್ರಿಗಿ ಒಂದ ಮಾತ ಇಲ್ಲೇನ್ರಿ?”

“ಅದ ನಾನೂ ಕೇಳಬೇಕಂತೇನಿ. ನಮ್ಮ ತಂಗಿ ಏನಂತಾಳ್ರಿ ಇದಕ್ಕ?”

“ಅಕಿ ಏನಂತಾಳ್ರಿ, ನಾ ಹೇಳಾಕತ್ತೀನೆಲ್ಲ!” ಎಂದೆ. “ನಂದೂ ಅಕಿದೂ ಬ್ಯಾರೆ ಬ್ಯಾರೆ ಐತೇನ್ರಿ?”

ಹೆಂಡತಿ ಚಹಾ ತಂದಿದ್ದಳು, ಬಾಗಿಲಲ್ಲಿ ನಿಂತಿದ್ದಳು. ಕಪ್ಪುಗಳನ್ನು ನಮ್ಮ ಮುಂದಿಟ್ಟು, ಎಂದಿನಂತೆ ಒಳಗೆ ಹೋಗದೆ, ಚಾಪೆಯ ಮೇಲೆ ನಮ್ಮ ಜೊತೆ ಕುಳಿತುಕೊಂಡಳು.

“ಆ ಹಾಳಿ ಕೊಡಣ್ಣಾ ಇಲ್ಲಿ.”

ಇಪ್ಪತ್ತು ವರ್ಷಕ್ಕೂ ಹಳೆಯದಾದ ಆ ಹಾಳೆಯನ್ನು ಅವಳು ಓದಿದ್ದು ಅವತ್ತೇ. ಮೆಲ್ಲಗೆ ಓದಿದಳು. ಎರಡನೆಯ ಪಟ್ಟಿಗೆ ಬಂದು ನಿಂತಳು.

“ದನಾ, ಆಳು, ಒಲಿ,” ಎಂದಳು. “ನಾ ಇದರಾಗ ಬರತೇನಲ್ರಿ?”

“ಹಂಗಲ್ಲ, ಅದು...”

“ಬಸ್ ಸ್ಟ್ಯಾಂಡಿನಾಗ ಇದ್ದಾಗ ಭಾವಾರು ಫೋನ್ ಮಾಡಿದ್ರಂತ. ಕೂಸು ಹೇಳಿತು.”

ಶಿರಸ್ತೇದಾರ ಕನ್ನಡಕ ತೆಗೆದು ನನ್ನನ್ನು ನೋಡಿದ. ನನಗೆ ಚಹಾ ಕಪ್ಪು ಎತ್ತಲೂ ಆಗಲಿಲ್ಲ, ಇಡಲೂ ಆಗಲಿಲ್ಲ.

“ಮರತಿದ್ದೆ,” ಎಂದೆ.

“ಮರತಿರಲಿಲ್ರಿ. ಇಕಿಗಿ ಹೇಳೂದೇನೈತಿ ಅಂತ ಬಿಟ್ರಿ.” ಅವಳ ದನಿ ಏರಲಿಲ್ಲ. “ಅವತ್ತ ಸಂಜಿಕ ಮನಿಗಿ ಬಂದು ಮಜ್ಜಿಗಿ ಕೇಳಿ ಕುಡದ್ರಿ. ಕಬ್ಬಿನ ಗಾಡಿ ಸುದ್ದಿ ಹೇಳಿದ್ರಿ, ಕಂಡಕ್ಟರ ಸುದ್ದಿ ಹೇಳಿದ್ರಿ. ಇದೊಂದ ಹೇಳಲಿಲ್ಲ. ಹೇಳಿದ್ರ ನಾ ಮರದಿನಾನ ಗೋಕಾಕಕ್ಕ ಹೋಗತಿದ್ನಿ. ಭಾವಾರ ಮುಂದ ನಿಂತು ಬ್ಯಾಡ ಅಂತಿದ್ನಿ. ಅವ್ರು ಕೇಳತಿದ್ರೋ ಬಿಡತಿದ್ರೋ, ಅದು ಬ್ಯಾರೆ ಮಾತ. ಆದ್ರ ಕೂಸಿಗಿ ಗೊತ್ತಾಗತಿತ್ತು, ಅವ್ವಿ ಬ್ಯಾಡಂದ್ಲು ಅಂತ. ಈಗ ಅದು ನನ್ನ ಏನಂತ ಕೇಳತೈತಿ ಗೊತ್ತೈತೇನ್ರಿ? ‘ನೀನೂ ಹೂಂ ಅಂದೇನ ಅವ್ವೀ?’ ಅಂತೈತಿ.”

ಎಂಟು ದಿನ ಅಣ್ಣನನ್ನು ಬೈದ ಬೈಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಕೇಳಿದ ಹಾಗೆ ಮಾಡಿದ, ಕೇಳಲಿಲ್ಲ, ಮೋಸ ಮಾಡಿದ. ಅವನು ನನಗೆ ಒಂದು ಫೋನನ್ನಾದರೂ ಮಾಡಿದ್ದ. ನಾನು ಮಾಡಿದ್ದು? ನಡಾವಳಿ ಪುಸ್ತಕದ ಮೇಲೆ ಬೆರಳಿಟ್ಟು ತೋರಿಸಿದ ಹಾಗೆ ಅವಳ ಜೀವಕ್ಕೂ ಬೆರಳಿಟ್ಟು ತೋರಿಸಿದ್ದೆ. ಗಟಾರದ್ದು ಐತಿ, ನಿನಗ ತಿಳ್ಯಾಂಗಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ.

“ತಪ್ಪಾತು,” ಎಂದೆ. “ನಡಿ, ಇಬ್ಬರೂ ಕೂಡಿ ಗೋಕಾಕಕ್ಕ ಹೋಗೂಣು.”

“ನಾನ ಹೋಗತೇನಿ. ಒಬ್ಬಾಕಿನ ಹೋಗತೇನಿ. ಕೂಸಿಗಿ ಹೇಳೂದು ಐತಿ, ಹೇಳಿ ಬರತೇನಿ.” ಅವಳು ಹಾಳೆಯನ್ನು ತನ್ನ ಅಣ್ಣನ ಕೈಗೆ ಕೊಟ್ಟು ಎದ್ದಳು. “ಆಮ್ಯಾಲ ಇಲ್ಲೇ ಇರಬೇಕಂತ ಮಾಡೇನ್ರಿ, ಹುಕ್ಕೇರ್ಯಾಗ. ಮಸಗುಪ್ಪಿಗಿ ಯಾವಾಗ ಬರತೇನೋ ಗೊತ್ತಿಲ್ಲ. ನಿಮ್ಮನ್ನ ಕೇಳಾಕತ್ತೇನಿ. ಏನಂತೀರಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು. ನನ್ನ ಕಪ್ಪಿನಲ್ಲಿ ಚಹಾ ಹಾಗೇ ಇತ್ತು, ಅದನ್ನೂ ಎತ್ತಿಕೊಂಡು ಹೋಗಿದ್ದಳು. ನಾನು ಶಿರಸ್ತೇದಾರನ ಕಡೆ ನೋಡಿದೆ. ನೀವಾದರೂ ಒಂದು ಮಾತು ಹೇಳಿ ಅನ್ನುವ ಹಾಗೆ ನೋಡಿರಬೇಕು.

ಅವನು ಹಸಿರು ಹಾಳೆಯನ್ನು ಹಳೆಯ ಮಡಿಕೆಯ ಗುಂಟ ಮಡಚಿ ನನ್ನ ಕೈಗೆ ಕೊಟ್ಟ.

“ಕೇಳ್ಯಾಳಲ್ರಿ ಮಾಸ್ತರ,” ಎಂದ.